ಹೆರೆಮಣೆಯಿಂದ ಏಳದ ಮಾಮಿ

ಚಿಕುನ್‌ಗುನ್ಯಾ ಬಂದ ಆ ಮಳೆಗಾಲದಲ್ಲಿ ಮೆಲ್ಕಾರಿನ ಜನ ನಡೆಯುವ ರೀತಿಯೇ ಬೇರೆಯಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಪ್ರಾಯದವರೂ ಮೊಣಕಾಲನ್ನು ಕೈಯಿಂದ ಎತ್ತಿಡುತ್ತಿದ್ದರು. ಬೇಗ ಬೇಗ ಎಂದು ಗದರಿಸಬೇಕಾದ ಕಂಡಕ್ಟರನೇ ಕಂಬ ಹಿಡಿದುಕೊಂಡು, "ನಿಧಾನ ಬನ್ನಿ, ನನಗೂ ಉಂಟು" ಎನ್ನುತ್ತಿದ್ದ.

ಪಕ್ಕದ ಪಾಣೆಮಂಗಳೂರಿನ ನಮ್ಮ ಮನೆಗೂ ಅದು ಬಂತು. ಸೊಳ್ಳೆಗಳು ಗುಡ್ಡದ ರಬ್ಬರು ತೋಟದಿಂದ ಇಳಿದು ಬರುತ್ತವೆಂದು ಮಾಮಿ, ಅಂದರೆ ನನ್ನ ಗಂಡನ ತಾಯಿ, ನಂಬಿದ್ದರು. ಗಲ್ಫಿನಿಂದ ಗಂಡ ಕಟ್ಟಿಸುತ್ತಿದ್ದ ಅರೆಬರೆ ಮಹಡಿಯ ಸ್ಲ್ಯಾಬಿನ ಮೇಲೆ ನೀರು ನಿಂತು, ಅದರಲ್ಲಿ ಏನೋ ತಲೆಕೆಳಗಾಗಿ ಕುಣಿಯುತ್ತಿತ್ತು. ತೋರಿಸಿದೆ. "ಅದು ಕಪ್ಪೆಮರಿ" ಎಂದು ತೀರ್ಪಾಯಿತು.

ನಾದಿನಿಗೆ ಆಗಷ್ಟೇ ಮದುವೆಯಾಗಿತ್ತು. ಬೀಗಿತ್ತಿ ಆದಿತ್ಯವಾರ ಮಗ-ಸೊಸೆಯನ್ನು ಊಟಕ್ಕೆ ಕರೆತರುವವರಿದ್ದರು. ಅವರು ಒಪ್ಪಿದರೆ ಮಗಳು ಕೆಲವು ದಿನ ತವರಿನಲ್ಲಿ ಉಳಿಯಬಹುದು. ಮಾಮಿಗೆ ಬೇರೆ ಯೋಚನೆಯೇ ಇರಲಿಲ್ಲ.

"ಇಲ್ಲಿ ಜ್ವರ ಉಂಟೂಂತ ಗೊತ್ತಾದ್ರೆ ಅವಳನ್ನು ಬಿಟ್ಟು ಹೋಗ್ಲಿಕ್ಕಿಲ್ಲ. ಯಾರೂ ಕುಂಟಬಾರ್ದು" ಎಂದರು, ಗೋಡೆ ಹಿಡಿದು ಕುಂಟುತ್ತಾ.

ಅಡುಗೆಗೆ ನಾವಿಬ್ಬರು ಸೇರಿ ಒಬ್ಬಳು. ನನಗೆ ನಿಲ್ಲಲು ಆಗುತ್ತಿತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ. ಮಾಮಿಯ ಕೈ ಸರಿಯಿತ್ತು, ಮೊಣಕಾಲು ಮಾತ್ರ ಕೇಳುತ್ತಿರಲಿಲ್ಲ. ಅವರು ಅಕ್ಕಿರೊಟ್ಟಿ ಲಟ್ಟಿಸಿದರು, ನಾನು ಅಂಗೈಯಲ್ಲಿ ಹೊತ್ತು ಕಾವಲಿಗೆ ಜಾರಿಸಿದೆ. ಕೊನೆಗೆ ಕೋಳಿ ಗಸಿಗೆಂದು ಅವರು ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯತೊಡಗಿದರು. ಅಂಗಳದಲ್ಲಿ ರಿಕ್ಷಾ ನಿಂತಿತು. ಮಾಮಿಗೆ ಏಳಲಾಗಲಿಲ್ಲ. ಕಂಕುಳಿಗೆ ಕೈಕೊಟ್ಟು ಎಳೆದೆ. ಹೆರೆಮಣೆ ಮುಂದಕ್ಕೆ ಬಂತು, ಮಾಮಿ ಮೇಲಕ್ಕೆ ಬರಲಿಲ್ಲ.

"ಬಿಡು ಮಗಳೇ. ಆ ಕಾಯಿಗಳನ್ನೆಲ್ಲ ಇತ್ತ ದೂಡು."

ಬೀಗಿತ್ತಿ ಮಗ-ಸೊಸೆಯನ್ನು ಮುಂದಿನ ಚಾವಡಿಯಲ್ಲಿ ಬಿಟ್ಟು ನೇರ ಅಡುಗೆಮನೆಗೇ ಬಂದು ಸಲಾಂ ಹೇಳಿದರು. "ಬನ್ನಿ, ಚಾವಡಿಯಲ್ಲಿ ಕೂತು ಮಾತಾಡುವ."

"ಇದೊಂದು ಕಾಯಿ ಮುಗಿಸಿ ಬರ್ತೇನೆ."

ಅದು ಮುಗಿಯುವ ಮೊದಲೇ ಇನ್ನೊಂದನ್ನು ಒಡೆದರು. ತಟ್ಟೆ ತುಂಬಿತು, ಪಾತ್ರೆ ತುಂಬಿತು, ನಾನು ಬಾಲ್ದಿ ತಂದಿಟ್ಟೆ.

"ಎಷ್ಟು ಜನಕ್ಕೆ ಅಡುಗೆ ಮಾರಾಯ್ತಿ?"

"ನಮ್ಮಲ್ಲಿ ಗಸಿಗೆ ಕಾಯಿ ಸ್ವಲ್ಪ ಜಾಸ್ತಿಯೇ."

ಬೀಗಿತ್ತಿ ಬಾಲ್ದಿಯನ್ನು ನೋಡಿದರು, ಮಾಮಿಯನ್ನು ನೋಡಿದರು. "ಮೊಣಕಾಲಲ್ವಾ?"

ಮಾಮಿಯ ಕೈ ನಿಂತಿತು.

"ಹೋದ ತಿಂಗಳು ನೆಂಟರು ಬಂದಾಗ ನಾನು ಮೀನು ಕೊಯ್ಲಿಕ್ಕೆ ಕೂತವಳು ಹೀಗೇ. ಮೀನು ಮುಗಿದ್ರೂ ಕತ್ತಿ ತೊಳೀತಾ ಇದ್ದೆ. ಬೆಕ್ಕಿಗೇ ಬೇಜಾರಾಗಿ ಎದ್ದು ಹೋಯ್ತು!"

"ಅಯ್ಯೋ, ನಿಮಗೂ ಬಂದಿತ್ತಾ?"

"ನನಗೂ, ನಿಮ್ಮ ಮಗಳಿಗೂ. ನಿಮಗೆ ಹೆದರಿಕೆ ಆಗ್ತದೇಂತ ನಾನೇ ಅವಳ ಬಾಯಿ ಮುಚ್ಚಿಸಿದ್ದು." ಮತ್ತೆ ಚಾವಡಿಗೆ ಕೇಳುವಂತೆ, "ಮಗಾ, ಬಾ ಇಲ್ಲಿ! ನಿನ್ನ ಅತ್ತೆಯನ್ನು ಎತ್ತು. ನಿನ್ನ ಹೆಂಡತಿ ಇಲ್ಲೇ ಇರ್ಲಿ. ತಾಯಿಗೆ ಏಳ್ಲಿಕ್ಕೆ ಆಗುವವರೆಗೆ ಇರ್ಲಿ."

ಮಗಳು ಉಳಿದಳು. ಕಾಯಿ ಚಟ್ನಿ, ಕಾಯಿ ಹಾಲು, ಕಾಯಿ ಮಿಠಾಯಿ ತಿಂದೂ ತಿಂದೂ ಸಾಕಾಯಿತು. ಮಳೆ ಹೊಳವಾದಾಗ ನಾದಿನಿಯೇ ಅಡಿಕೆ ಹಾಳೆಯ ತುಂಡಿನಿಂದ ಸ್ಲ್ಯಾಬಿನ ನೀರನ್ನು ಕಪ್ಪೆಮರಿಗಳ ಸಮೇತ ಗುಡಿಸಿ ಕೆಳಗೆ ಹಾಕಿದಳು.

ಮಾಮಿಯ ಕಾಲು ಸರಿಯಾಯಿತು. ಆದರೆ ಅವರು ಹೆರೆಮಣೆಯನ್ನು ಚಾವಡಿಗೆ ತಂದು ಫೋನಿನ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಏಳಲು ಆಗ್ತದಾ ಎಂದು ಕೇಳಲು ಬೀಗಿತ್ತಿ ಆಗಾಗ ಫೋನು ಮಾಡುತ್ತಿದ್ದರು. ಗಂಟೆ ಹೊಡೆದರೆ ಮಾಮಿ ಸರಸರನೆ ನಡೆದು ಬಂದು, ಅದರ ಮೇಲೆ ಕೂತು, ಆಮೇಲೆ ರಿಸೀವರ್ ಎತ್ತುತ್ತಿದ್ದರು.

"ಎಲ್ಲಿ ಮಾರಾಯ್ತಿ, ಇನ್ನೂ ಹೆರೆಮಣೆಯಲ್ಲೇ ಇದ್ದೇನೆ."

ಕೂತು ಹೇಳಿದರೆ ಅದು ಸುಳ್ಳಲ್ಲವಂತೆ.