ಸುಧಾಕರನ ಫೋನಿಗೆ ಬಾರದ ಮೇಲ್

ಜೂನ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ 10:20. ಐರೋಲಿಯ ಕಚೇರಿಯಲ್ಲಿ ಮೂವರಿದ್ದೆವು: ಸರ್ವಿಸ್ ಮ್ಯಾನೇಜರ್ ದೇಶಪಾಂಡೆ, ಮೆಕ್ಯಾನಿಕ್ ಸುಧಾಕರ, ನಾನು. ಲಿಫ್ಟ್ ದುರಸ್ತಿಯ ಆ ಕಂಪನಿಯಲ್ಲಿ ಮೇಲ್ ಸರ್ವರ್ ನನ್ನ ಜವಾಬ್ದಾರಿ. ನಿವೃತ್ತಿಗೆ ಎಂಟು ತಿಂಗಳಿತ್ತು.

ಶನಿವಾರ ಸಂಜೆ ಕಾಮೋಠೆ ಬಡಾವಣೆಯಲ್ಲಿ ವೃದ್ಧೆಯೊಬ್ಬರು ಐವತ್ತು ನಿಮಿಷ ಲಿಫ್ಟ್‌ನಲ್ಲಿ ಸಿಕ್ಕಿಬಿದ್ದಿದ್ದರು. ಕೊನೆಗೆ ಅಗ್ನಿಶಾಮಕ ದಳದವರು ಬಂದು ಬಿಡಿಸಿದರು. ವಾರಾಂತ್ಯದಲ್ಲಿ ಕಚೇರಿ ಮುಚ್ಚಿರುತ್ತದೆ. ದೂರು ತಾನಾಗಿಯೇ ಆ ಭಾಗದ ಮೆಕ್ಯಾನಿಕ್‌ನ ಫೋನಿಗೆ ಮೇಲ್ ಆಗಿ ಹೋಗುತ್ತದೆ. ಅಂದಿನ ಸರದಿ ಸುಧಾಕರನದು. ಅವನು ಹೋಗಿರಲಿಲ್ಲ.

"ಮೇಲ್ ಬಂದದ್ದೇ ಇಲ್ಲ ಸರ್," ಎಂದ.

"ಎಲ್ಲಾರಿಗೂ ಬರ್ತಾವ, ನಿಮಗಷ್ಟ ಬರೂದಿಲ್ಲೇನು?" ಧಾರವಾಡದ ದೇಶಪಾಂಡೆ ನನ್ನತ್ತ ತಿರುಗಿದರು. "ಹನ್ನೆರಡರೊಳಗ ರಿಪೋರ್ಟ್ ಕೊಡ್ರಿ. ಸರ್ವರ್ ಸರಿ ಇದ್ರ ಇವತ್ತ ಇವರನ್ನ ಮನಿಗೆ ಕಳಸ್ತೀನಿ."

10:35ಕ್ಕೆ ಸರ್ವರ್ ಪರೀಕ್ಷಿಸಿದೆ, ದೋಷವಿರಲಿಲ್ಲ. 10:50ಕ್ಕೆ ಸುಧಾಕರನ ಖಾತೆಯನ್ನು ನನ್ನ ಫೋನಿನಲ್ಲಿ ತೆರೆದೆ. ಮೇಲ್‌ಗಳು ಕ್ಷಣದಲ್ಲಿ ಬಂದವು. ಅವನ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದೆ, ಖಾತೆ ತೆಗೆದು ಮತ್ತೆ ಸೇರಿಸಿದೆ. ಸಿಂಕ್‌ನ ಚಕ್ರ ಸುಮ್ಮನೆ ತಿರುಗುತ್ತಿತ್ತು. 11:45ಕ್ಕೆ ರಿಪೋರ್ಟ್ ಬರೆದೆ: 'ಸರ್ವರ್ ಸರಿಯಿದೆ. ದೋಷ ಬಳಕೆದಾರನ ಫೋನಿನಲ್ಲಿದೆ.' ಸುಳ್ಳೇನಲ್ಲ.

"ಓದಿ ಸಹಿ ಹಾಕು. ಇನ್ನು ಹತ್ತೇ ನಿಮಿಷ," ಎಂದು ಸುಧಾಕರನಿಗೆ ಪೆನ್ನು ನೀಡಿದೆ.

ಅವನು ಫೋನು ನೋಡಿದ. "ಹನ್ನೆರಡು ಆಗಿಯೇ ಹೋಯ್ತಲ್ಲ ಸರ್."

"ಈಗ 11:50."

"ನನ್ನದು ಹತ್ತು ನಿಮಿಷ ಮುಂದೆ ಇಟ್ಟದ್ದು. ಇಲ್ಲದಿದ್ರೆ ಬೆಳಿಗ್ಗೆ 7:12ರ ಲೋಕಲ್ ಟ್ರೈನ್ ಸಿಕ್ತದಾ? ನೀವೊಮ್ಮೆ ಡೊಂಬಿವಲಿಯಲ್ಲಿ ಹತ್ತಿ ನೋಡಿ."

ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡೆ. ಫೋನು ಸರ್ವರ್ ಬಳಿ ಮೇಲ್ ಕೇಳುವಾಗ ತನ್ನ ಗಡಿಯಾರದ ಸಮಯವನ್ನೂ ಕಳಿಸುತ್ತದೆ. ಮೊದಲು ವ್ಯತ್ಯಾಸ ಹದಿನೈದು ನಿಮಿಷ ಮೀರಿದರೆ ಮಾತ್ರ ಸರ್ವರ್ ನಿರಾಕರಿಸುತ್ತಿತ್ತು. ಶುಕ್ರವಾರ ಸಂಜೆ ಭದ್ರತೆಗೆಂದು ಆ ಮಿತಿಯನ್ನು ಐದು ನಿಮಿಷಕ್ಕೆ ಇಳಿಸಿದವನು ನಾನೇ. ಯಾರಿಗೂ ತಿಳಿಸಿರಲಿಲ್ಲ.

ಅವನ ಗಡಿಯಾರ ಸರಿಪಡಿಸಿದೆ. 11:54ಕ್ಕೆ ಇಪ್ಪತ್ತಮೂರು ಮೇಲ್‌ಗಳು ಸಾಲಾಗಿ ಇಳಿದವು. ಸುಧಾಕರ ಕಾಮೋಠೆಯ ದೂರನ್ನು ತೆರೆದು ಎರಡು ಬಾರಿ ಓದಿದ.

"ಆಗ ನಾನು ಕಾಮೋಠೆಯಲ್ಲೇ ಇದ್ದೆ ಸರ್. ಎರಡು ಗಲ್ಲಿ ಆಚೆ."

ರಿಪೋರ್ಟ್ ಹರಿದು ಹೊಸದು ಬರೆದೆ. ಮಿತಿ ಬದಲಿಸಿದವರ ಹೆಸರೂ ಅದರಲ್ಲಿತ್ತು. ದೇಶಪಾಂಡೆ ಓದಿ ಕನ್ನಡಕ ತೆಗೆದರು.

"ಹಂಗಾದ್ರ ಮೆಮೋ ನಿಮಗ ಕೊಡಬೇಕಾಗ್ತದ."

"ಕೊಡಿ."

ಕೊಟ್ಟರು. ಸುಧಾಕರ ಊಟಕ್ಕೂ ನಿಲ್ಲದೆ ಡ್ಯೂಟಿಗೆ ಹೊರಟ.

ಸುಳ್ಳಲ್ಲದ ಎರಡು ವಾಕ್ಯಗಳೂ ಒಬ್ಬನ ಕೆಲಸ ಕಳೆಯಬಲ್ಲವು ಎಂದು ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಕಲಿತದ್ದು ಅಂದೇ. ಮಧ್ಯಾಹ್ನದಿಂದ ಉಳಿದ ಮೂವತ್ತೇಳು ಮೆಕ್ಯಾನಿಕ್‌ಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, "ನಿಮ್ಮಲ್ಲೀಗ ಗಂಟೆ ಎಷ್ಟು?" ಎಂದು ಕೇಳಿದೆ. ಇನ್ನೂ ನಾಲ್ವರ ಗಡಿಯಾರ ಮುಂದಿತ್ತು, ಎಲ್ಲರೂ ಸುಧಾಕರನಂತೆ ಲೋಕಲ್ ಹಿಡಿಯುವ ಕಲ್ಯಾಣದ ಕಡೆಯವರು. ಗಡಿಯಾರ ಸರಿಮಾಡಿಸಿದ ಮೇಲೆ ಕೊನೆಯವನ ಫೋನಿಗೆ ಮೇಲ್ ಬಂದದ್ದು ಸಂಜೆ 6:25ಕ್ಕೆ. ಆಮೇಲೆ ಮೆಮೋಗೆ ಉತ್ತರ ಬರೆದು, ಸಹಿ ಹಾಕಿ, ದೇಶಪಾಂಡೆಯವರ ಮೇಜಿನ ಮೇಲಿಟ್ಟೆ.