ಎಡಗಾಲಿನ ಚಪ್ಪಲಿ ಜಪ್ತಿ ಮಾಡುತ್ತಿದ್ದವರ ಕುರಿತು

ಕಳೆದ ಸೋಮವಾರ ಬೆಳಿಗ್ಗೆ ಕಚೇರಿಯ ಕಪಾಟಿನ ಕೀಲಿಕೈ ಮನೆಯಲ್ಲಿ ಎಲ್ಲಿಯೂ ದೊರೆಯದ ಕಾರಣ, ಮಂಚದ ಕೆಳಗಿನ ಪೆಟ್ಟಿಗೆಯನ್ನೂ ಹೊರಗೆಳೆದು ಹುಡುಕಬೇಕಾಯಿತು. ಸದರಿ ಪೆಟ್ಟಿಗೆಯಲ್ಲಿ ಕೀಲಿಕೈ ಇರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಇತ್ತು. ಮುಚ್ಚಳ ತೆಗೆದ ಕೂಡಲೇ ಲವಂಗದ ವಾಸನೆ ಬಂತು. ಒಳಗೆ, ಬಿಳಿ ದಾರ ಪೋಣಿಸಿದ ಹತ್ತು ಉದ್ದನೆಯ ಸೂಜಿಗಳು... ನಾನು ಹುಡುಕುವುದನ್ನು ಬಿಟ್ಟು ನೆಲದ ಮೇಲೆಯೇ ಕುಳಿತೆ.

ಮೇಲ್ಕಂಡ ಡಬ್ಬಿಯು ನಮ್ಮ ಪಕ್ಕದ ಮನೆಯಲ್ಲಿದ್ದ, ಉರ್ದುವಿನಲ್ಲಿ ಚಿಕ್ಕಮ್ಮ ಎಂಬ ಅರ್ಥದಲ್ಲಿ ನಾನು ಖಾಲಾ ಎಂದು ಕರೆಯುತ್ತಿದ್ದವರದು. ಅವರ ಕುರಿತು ನನಗೆ ತಿಳಿದ ಸಂಗತಿಗಳನ್ನು ಈ ಮೂಲಕ ಬರೆದಿಡಲು ಇಚ್ಛಿಸುತ್ತೇನೆ. ನಾನು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಬಂದ ಪತ್ರಗಳನ್ನು ದಾಖಲಿಸಿ, ಹೋಗುವ ಪತ್ರಗಳಿಗೆ ಸಂಖ್ಯೆ ಕೊಡುವ ಗುಮಾಸ್ತೆ. ಇಲ್ಲಿಯವರೆಗೆ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಆದುದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕೆಂದು ಓದುಗರಲ್ಲಿ ಮೊದಲೇ ಕೋರುತ್ತೇನೆ.

ನನ್ನ ಊರು ಸಾಲಗುಂದ. ನೌಕರಿ ದೊರೆತ ಮೇಲೆ ಲಿಂಗಸುಗೂರಿಗೆ ಬಂದು, ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರಲಾರಂಭಿಸಿದೆ. ಅಲ್ಲಿಯವರೆಗೆ ನನ್ನ ಬದುಕನ್ನು ನಡೆಸುತ್ತಿದ್ದುದು ಅವ್ವನ ಕೂಗೇ ಹೊರತು ನಾನಲ್ಲ ಎಂಬ ಅಂಶವು ಮೊದಲನೆಯ ವಾರದಲ್ಲಿಯೇ ಬೆಳಕಿಗೆ ಬಂತು. ನೆನೆಹಾಕಿದ ಬಟ್ಟೆ ಮೂರು ದಿನ ಬಕೆಟಿನಲ್ಲಿಯೇ ಇರುತ್ತಿತ್ತು. ಪಲ್ಯಕ್ಕೆ ಈರುಳ್ಳಿ ಹೆಚ್ಚುವಾಗ ಸಿಪ್ಪೆ ಚೆಲ್ಲಲು ಹೊರಬಂದವಳು, ಅಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಯನ್ನು ಓದುತ್ತ ನಿಂತು, ಅದರಲ್ಲಿನ ಪದಬಂಧ ತುಂಬಲು ಪೆನ್ನು ಹುಡುಕಿ, ಪೆನ್ನು ಸಿಕ್ಕ ಕೂಡಲೇ ಕಚೇರಿ ನೆನಪಾಗಿ ಹೊರಟುಬಿಡುತ್ತಿದ್ದೆ. ಈರುಳ್ಳಿಯು ಸಂಜೆಯವರೆಗೆ ನನ್ನ ದಾರಿ ಕಾಯುತ್ತಿತ್ತು. ಕಚೇರಿಯಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಒಮ್ಮೆ ಹೋಗಬೇಕಾದ ಪತ್ರವನ್ನು ಬಂದ ಪತ್ರವೆಂದು ದಾಖಲಿಸಿದ ಪರಿಣಾಮವಾಗಿ, ನಮ್ಮ ಪತ್ರಕ್ಕೆ ನಾವೇ ಎರಡು ಬಾರಿ ಉತ್ತರ ಬರೆದಿದ್ದೆವು. ಮೇಲಧಿಕಾರಿಗಳು ಲಿಖಿತ ಸಮಜಾಯಿಷಿ ಕೇಳಿದರು. ಸಮಜಾಯಿಷಿಯನ್ನು ಅದೇ ದಿನ ಬರೆದೆನಾದರೂ, ಸಲ್ಲಿಸಲು ಮರೆತೆ.

ಇದಕ್ಕೆ ಒಂದು ಹೆಸರಿದೆ ಎಂಬುದು ಆಗ ತಿಳಿದಿರಲಿಲ್ಲ. ನಾನೂ ಸೇರಿದಂತೆ ಎಲ್ಲರೂ ಅದನ್ನು ಸೋಮಾರಿತನವೆಂದೇ ಪರಿಗಣಿಸಿದ್ದೆವು. ಹಾಗೆ ಪರಿಗಣಿಸದವರು ಖಾಲಾ ಒಬ್ಬರೇ.

ಖಾಲಾ ಅವರು ಗಂಡನಿಲ್ಲದ, ಅರವತ್ತು ದಾಟಿದ ಹೆಂಗಸು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿದುಕೊಡುವುದು ಅವರ ಕೆಲಸ. ಒಬ್ಬನೇ ಮಗ ಹಟ್ಟಿಯ ಗಣಿಯಲ್ಲಿ ಪಾಳಿಯ ನೌಕರ. ಒಂದು ಬೆಳಿಗ್ಗೆ ನಾನು ಹಾಲು ಒಲೆಯ ಮೇಲಿಟ್ಟು ಕಚೇರಿಗೆ ಹೋಗಿಬಿಟ್ಟಿದ್ದೆ. ಹೊಗೆ ಕಂಡು ಕಿಟಕಿಯಿಂದ ಕೋಲು ಹಾಕಿ ಗ್ಯಾಸು ಆರಿಸಿದವರು ಅವರು. ಮರುದಿನ ಹೊರಡುವಾಗ ನೋಡಿದರೆ, ಹೊಸ್ತಿಲ ಬಳಿ ನನ್ನ ಎಡಗಾಲಿನ ಚಪ್ಪಲಿ ಇರಲಿಲ್ಲ. ಓಣಿಯ ನಾಯಿಯನ್ನು ನಾನು ಗಟ್ಟಿಯಾಗಿ ಬೈಯುತ್ತಿರುವಾಗ ಪಕ್ಕದ ಕಟ್ಟೆಯಿಂದ ಅವರ ಧ್ವನಿ ಕೇಳಿಸಿತು.

"ನಾಯಿಗಿ ಯಾಕ ಬೈತಿ ಬೇಟಿ? ಚಪ್ಪಲಿ ನಾ ತಗೊಂಡೀನಿ. ಮೊದಲ ಹೇಳು, ಗ್ಯಾಸ್ ಬಂದ್ ಮಾಡೀದಿ?"

ಬಂದ್ ಮಾಡಿರಲಿಲ್ಲ.

ಅಂದಿನಿಂದ ಸದರಿ ಕ್ರಮವು ಕಾಯಂ ಆಗಿ ಜಾರಿಗೆ ಬಂತು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಖಾಲಾ ನನ್ನ ಎಡ ಚಪ್ಪಲಿಯನ್ನು ಜಪ್ತಿ ಮಾಡಿ ತಮ್ಮ ಕೌದಿಯ ಗಂಟಿನ ಕೆಳಗೆ ಇಡುತ್ತಿದ್ದರು. ನಾನು ಹೊರಡುವ ಮುನ್ನ ಅವರಲ್ಲಿ ಹಾಜರಾಗಿ, ಅವರ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ನೀಡಿದ ನಂತರವಷ್ಟೇ ಅದನ್ನು ಬಿಡುಗಡೆ ಮಾಡುತ್ತಿದ್ದರು. ಗ್ಯಾಸು, ಕೀಲಿ, ಬುತ್ತಿ, ಮೊಬೈಲು, ನಿನ್ನೆ ಮಾಡುತ್ತೇನೆಂದು ಹೇಳಿ ಬಿಟ್ಟ ಕೆಲಸ... ಉತ್ತರ ತಪ್ಪಿದರೆ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಮನೆಯೊಳಗೆ ಹೋಗಿ ಸರಿಪಡಿಸಿ ಬರಬೇಕು. ನಾನು ಉಪಾಯ ಮಾಡಿ ಎರಡನೆಯ ಜೊತೆಯನ್ನು ಕೊಂಡುತಂದೆ. ಮರುದಿನ ಎರಡು ಎಡ ಚಪ್ಪಲಿಗಳೂ ಜಪ್ತಿಯಾಗಿದ್ದವು.

ಇದಕ್ಕೆ ಪ್ರತಿಯಾಗಿ ನನಗೆ ಒಂದು ಕರ್ತವ್ಯವನ್ನು ವಹಿಸಲಾಗಿತ್ತು. ಖಾಲಾ ಅವರ ಕಣ್ಣುಗಳಿಗೆ ಪೊರೆ ಬಂದು ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಿನದ ಹೊಲಿಗೆಗೆ ಬೇಕಾದ ಹತ್ತು ಸೂಜಿಗಳಿಗೆ ನಾನು ದಾರ ಪೋಣಿಸಿಕೊಡಬೇಕು. ಆಶ್ಚರ್ಯದ ಸಂಗತಿಯೆಂದರೆ, ಎಲ್ಲಿಯೂ ನಿಲ್ಲದ ನನ್ನ ಮನಸ್ಸು ಆ ಹತ್ತು ಸೂಜಿಗಳ ಮೇಲೆ ನಿಲ್ಲುತ್ತಿತ್ತು. ನಾನು ಪೋಣಿಸುತ್ತಿರುವಾಗ ಅವರು ಒಂದೊಂದು ಸೂಜಿಗೆ ಒಂದೊಂದು ಕೆಲಸವನ್ನು ನೆನಪಿಸುತ್ತಿದ್ದರು. ಸೂಜಿಯೊಂದಿಗೆ ಹೋದ ಮಾತು ಸಂಜೆಯವರೆಗೆ ತಲೆಯಲ್ಲಿ ಉಳಿಯುತ್ತಿತ್ತು. ಆ ವರ್ಷ ಕಚೇರಿಯಲ್ಲಿ ನನ್ನಿಂದ ಸಮಜಾಯಿಷಿ ಕೇಳಿದ್ದು ಒಂದೇ ಬಾರಿ.

ಇನ್ನು ಮುಂದಿನ ವಿಷಯವನ್ನು ಬರೆಯಲು ನನಗೆ ಸಂಕೋಚವಿದೆ. ಲಿಂಗಸುಗೂರಿನಲ್ಲಿ ನೇತ್ರ ಶಿಬಿರವೊಂದು ನಡೆಯುವುದಿತ್ತು. ಹೆಸರು ನೋಂದಾಯಿಸಲು ಖಾಲಾ ತಮ್ಮ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಅಲ್ಲಿ ಇತರ ಪತ್ರಗಳ ಜೊತೆ ಅದಕ್ಕೂ ಮೊಹರು ಒತ್ತಿ, ಸಂಖ್ಯೆ ಹಾಕಿ, ಅತ್ಯಂತ ಕ್ರಮಬದ್ಧವಾಗಿ ಕಡತದಲ್ಲಿ ಸೇರಿಸಿದೆ. ಅದು ಅಲ್ಲಿಯೇ ಉಳಿಯಿತು. ಶಿಬಿರ ಮುಗಿದ ಮೂರನೆಯ ದಿನ ಖಾಲಾ ಮೆಲ್ಲಗೆ ವಿಚಾರಿಸಿದಾಗ ನನಗೆ ಆ ಕಡತ ನೆನಪಾಯಿತು. ನನ್ನ ಪ್ರತಿಯೊಂದು ಕೆಲಸಕ್ಕೂ ಚಪ್ಪಲಿ ಹಿಡಿಯುವವರು, ಇದಕ್ಕೆ ಮಾತ್ರ ಏಕೆ ಹಿಡಿಯಲಿಲ್ಲ ಎಂದು ಅಳುತ್ತಲೇ ಕೇಳಿದೆ.

"ನನ್ನ ಕೆಲಸಕ್ಕ ನಿನ್ನ ಚಪ್ಪಲಿ ಹಿಡೀಲೇನು?" ಎಂದರು.

ಆರು ತಿಂಗಳಲ್ಲಿ ಬಲಗಣ್ಣು ಪೂರ್ತಿ ಮಬ್ಬಾಯಿತು. ಕೌದಿಯ ಹೊಲಿಗೆಗಳು ಸಾಲು ತಪ್ಪಲಾರಂಭಿಸಿದವು. ಇನ್ನು ತಡ ಮಾಡಿದರೆ ಕಣ್ಣು ಉಳಿಯುವ ಭರವಸೆ ಇಲ್ಲವೆಂದು ಸಿಂಧನೂರಿನ ಕಣ್ಣಿನ ವೈದ್ಯರು ತಿಳಿಸಿ, ಒಂದು ದಿನ ಗೊತ್ತುಮಾಡಿದರು. ಬೆಳಿಗ್ಗೆ ಹನ್ನೊಂದರೊಳಗೆ ಹಳೆಯ ತಪಾಸಣೆಯ ಕಾಗದಗಳೊಂದಿಗೆ ಬರಬೇಕು, ಜೊತೆಗೊಬ್ಬರು ಇದ್ದು ಸಹಿ ಮಾಡಬೇಕು. ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕು. ಮಗನಿಗೆ ರಜೆ ದೊರೆಯಲಿಲ್ಲ. ಸೊಸೆ ಬಾಣಂತಿ. ನಾನು ಹೋಗುತ್ತೇನೆಂದೆ. ಮಗ ನನ್ನನ್ನೊಮ್ಮೆ ನೋಡಿ, ಸಭ್ಯತೆಗೆ ಭಂಗ ಬಾರದಂತೆ ತಾಯಿಯನ್ನು ಕೇಳಿದ.

"ಅಮ್ಮಾ, ಮೇಡಂ ಅವ್ರು ನಿನ್ನ ಕರ್ಕೊಂಡು ಹೋಗ್ತಾರೋ, ನೀ ಅವ್ರನ್ನ ಕರ್ಕೊಂಡು ಹೋಗ್ತಿಯೋ?"

"ನನಗ ಕಣ್ಣಿಲ್ಲ, ಆಕಿಗಿ ನೆನಪಿಲ್ಲ. ಇಬ್ಬರು ಕೂಡಿದ್ರ ಒಬ್ಬಾಕಿ ಪೂರಾ ಆಗ್ತೀವಿ. ನೀ ಡೂಟಿಗಿ ಹೋಗು."

ಗೊತ್ತುಪಡಿಸಿದ ದಿನ ಬೆಳಗಿನ ಬಸ್ಸನ್ನು ಹಿಡಿದೆವು. ಕುಳಿತ ಕೂಡಲೇ ಖಾಲಾ ಕೈ ಚಾಚಿದರು. ನಾನು ಎಡ ಚಪ್ಪಲಿಯನ್ನು ಕಳಚಿ ಕೊಟ್ಟೆ. ಅವರು ಅದನ್ನು ಕಾಗದದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಒಂದೇ ಚಪ್ಪಲಿಯಲ್ಲಿ ನಾನು ಎಲ್ಲಿಯೂ ಇಳಿಯಲಾರೆನೆಂಬುದು ಅವರ ಲೆಕ್ಕಾಚಾರ. ಕಾಗದಗಳ ಫೈಲನ್ನು ನಾನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡೆ. ಮೊಬೈಲು, ಪರ್ಸು ಇದ್ದ ನನ್ನ ಚೀಲವನ್ನು ಸೀಟಿನ ಮೇಲಿಟ್ಟೆ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಖಾಲಾ ಅವರಿಗೆ ಬಾಯಾರಿತ್ತು. ಖಾಲಿ ಬಾಟಲಿ ಹಿಡಿದು, ನಲ್ಲಿ ಎದುರಿಗೇ ಇದೆ, ಒಂದು ನಿಮಿಷ ಎಂದು ಬರಿಗಾಲು ಊರಿ ಇಳಿದೆ. ಬಾಟಲಿ ತುಂಬಿ ತಿರುಗುವಾಗ ಗೋಡೆಯ ಮೇಲಿನ ಒಂದು ಕೈಬರಹದ ಪ್ರಕಟಣೆ ಕಣ್ಣಿಗೆ ಬಿತ್ತು. 'ಎಮ್ಮೆ ಕಳೆದಿದೆ, ಸಿಕ್ಕವರು ತಿಳಿಸಿರಿ' ಎಂದಿತ್ತು. ಯಾರ ಎಮ್ಮೆ, ಎಂದಿನಿಂದ ಕಳೆದಿದೆ, ಯಾರಿಗೆ ತಿಳಿಸಬೇಕು ಎಂಬ ಯಾವ ವಿವರವೂ ಇರಲಿಲ್ಲ. ಇಂತಹ ಅಪೂರ್ಣ ಪ್ರಕಟಣೆಯಿಂದ ಎಮ್ಮೆ ದೊರೆಯುವುದಾದರೂ ಹೇಗೆ? ನನ್ನ ಜಡೆಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಕೆಳಗೆ 'ದಿನಾಂಕ', 'ಗುರುತಿನ ಚಿಹ್ನೆಗಳು', 'ಮಾಲೀಕರ ವಿಳಾಸ' ಎಂದು ಗೆರೆ ಎಳೆದು ಜಾಗ ಬಿಡುತ್ತ ಹೋದೆ. 'ಕೊಂಬುಗಳ ವಿವರ' ಎಂದು ಬರೆದು ತಿರುಗುವಷ್ಟರಲ್ಲಿ, ಬಸ್ಸು ಇರಲಿಲ್ಲ.

ಎಮ್ಮೆ ಕಳೆದವರಿಗೆ ನೆರವಾಗಲು ಹೋಗಿ ನಾನು ಖಾಲಾ ಅವರನ್ನು ಕಳೆದುಕೊಂಡಿದ್ದೆ. ಫೈಲು ನನ್ನ ಬಳಿ, ಕಣ್ಣು ಕಾಣದ ಮುದುಕಿ ಬಸ್ಸಿನಲ್ಲಿ. ಅರ್ಜಿಯನ್ನು ಕಡತಕ್ಕೆ ಸೇರಿಸಿದ ಕೈಗಳೇ ಈಗ ನೀರಿನ ಬಾಟಲಿ ಹಿಡಿದುಕೊಂಡಿದ್ದವು... ಮುಂದಿನ ಬಸ್ಸು ಬರುವವರೆಗಿನ ಹೊತ್ತನ್ನು ನಾನು ಈಗಲೂ ನೆನೆಯಲಾರೆ. ಬಂದ ಬಸ್ಸಿನ ಕಂಡಕ್ಟರು ಮಹಿಳೆಯರ ಉಚಿತ ಟಿಕೇಟಿಗೆ ಗುರುತಿನ ಚೀಟಿ ಕೇಳಿದರು. ಕೈಯಲ್ಲಿ ಇದ್ದುದು ಫೈಲಿನಲ್ಲಿದ್ದ ಖಾಲಾ ಅವರ ಆಧಾರ್ ಪ್ರತಿ ಮಾತ್ರ. ಗಾಬರಿಯಲ್ಲಿ ಅದನ್ನೇ ಹಾಜರುಪಡಿಸಿದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ನನ್ನ ಬರಿಗಾಲನ್ನು ನೋಡಿದರು.

"ಇಷ್ಟು ವಯಸ್ಸಿಗಿ ಚಲೋ ಇದ್ದೀರಿ ಬಿಡ್ರಿ," ಎಂದರು. "ಇನ್ನೊಂದು ಚಪ್ಪಲಿ ಎಲ್ಲಿ?"

ಆಗಲೇ ಹೊರಟ ಬಸ್ಸಿನಲ್ಲಿ ಮುಂದೆ ಹೋಗಿದೆ ಎಂದು ನಿಜವನ್ನೇ ತಿಳಿಸಿದೆ. ಮುಂದಿನ ಸೀಟಿನ ಹೆಂಗಸೊಬ್ಬರು, ಹೆಚ್ಚು ವಿಚಾರಿಸುವುದು ಕ್ಷೇಮವಲ್ಲವೆಂದು ಭಾವಿಸಿ, ತಾವೇ ನನ್ನ ಟಿಕೇಟು ತೆಗೆಸಿದರು.

ಸಿಂಧನೂರಿನಲ್ಲಿ ಇಳಿದು ಆಸ್ಪತ್ರೆಯವರೆಗೆ ಓಡಿದೆ. ಹನ್ನೊಂದಕ್ಕೆ ಐದು ನಿಮಿಷವಿತ್ತು. ಬಾಗಿಲಲ್ಲಿದ್ದ ಕಾವಲುಗಾರರಿಗೆ ಏನೆಂದು ಹೇಳುವುದು, ಎಂತಹ ಮುದುಕಿಯನ್ನು ಕಂಡಿರಾ ಎಂದು ಕೇಳುವುದು ಎಂದು ಏದುಸಿರಿನಲ್ಲಿ ಯೋಚಿಸುತ್ತಿರುವಾಗ, ಅವರೇ ನನ್ನ ಕಾಲುಗಳತ್ತ ನೋಡಿ ಎದ್ದು ನಿಂತರು.

"ಒಂದು ಚಪ್ಪಲಿ ಮೇಡಂ ನೀವ ಏನ್ರಿ? ಬರ್ರಿ, ಒಳಗ ಬರ್ರಿ. ಅಜ್ಜಿ ಹೇಳಿ ಇಟ್ಟಾರ."

ಖಾಲಾ ಅವರು ಸಿಂಧನೂರಿನಲ್ಲಿ ಇಳಿದು, ಆಟೋದವನ ಕೈ ಹಿಡಿದು ತಾವೇ ಆಸ್ಪತ್ರೆಗೆ ಬಂದಿದ್ದರು. ಬಂದವರೇ ಬಾಗಿಲಿನಲ್ಲಿ, ಒಂದೇ ಚಪ್ಪಲಿಯ ಹುಡುಗಿ ಓಡುತ್ತ ಬರುತ್ತಾಳೆ, ತಡೆಯಬಾರದು ಎಂದು ತಿಳಿಸಿ, ಒಳಗಿನವರಿಗೂ ಫೈಲು ಹಿಂದಿನ ಬಸ್ಸಿನಲ್ಲಿ ಬರುತ್ತಿದೆ ಎಂದು ಹೇಳಿ, ಬೆಂಚಿನ ಮೇಲೆ ನಿಶ್ಚಿಂತೆಯಿಂದ ಕುಳಿತಿದ್ದರು. ನನ್ನ ಚೀಲ ಅವರ ತೊಡೆಯ ಮೇಲಿತ್ತು. ನಾನು ಫೈಲನ್ನು ಅವರ ಪಕ್ಕದಲ್ಲಿಟ್ಟೆ. ಅವರು ಕಾಗದ ಬಿಚ್ಚಿ ಚಪ್ಪಲಿಯನ್ನು ನೆಲಕ್ಕಿಟ್ಟು ನನ್ನ ಕಡೆಗೆ ದೂಡಿದರು.

"ಬರ್ತಿ ಅಂತ ಗೊತ್ತಿತ್ತು," ಎಂದರು. "ನೀ ಮರೀತಿ, ಆದ್ರ ಬಿಟ್ಟು ಹೋಗಾಕಿ ಅಲ್ಲ. ನೀರು ತಂದೀದಿ?"

ಬಾಟಲಿ ಇನ್ನೂ ನನ್ನ ಕೈಯಲ್ಲಿಯೇ ಇತ್ತು.

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಲಿಂಗಸುಗೂರಿಗೆ ಮರಳಿದ ಮೇಲೆ, ಇನ್ನು ಅವರಿಗೆ ನನ್ನ ಅಗತ್ಯವಿಲ್ಲ, ಬೆಳಗಿನ ಹಾಜರಿ ರದ್ದಾಗುತ್ತದೆ ಎಂಬ ಭಯ ನನ್ನನ್ನು ಕಾಡಿತು. ಆದರೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಹತ್ತಿರದ ಸೂಜಿ ಮಾತ್ರ ಕಾಣದು ಎಂದು ಖಾಲಾ ತಿಳಿಸಿದರು. ಅಷ್ಟೊಂದು ಸಂತೋಷ ನನಗೆ ಆಗಬಾರದಿತ್ತು. ಮುಂದಿನ ಮೂರು ವರ್ಷಗಳ ಕಾಲ ಜಪ್ತಿಯೂ ಹತ್ತು ಸೂಜಿಗಳೂ ಚಾಚೂ ತಪ್ಪದೆ ಮುಂದುವರಿದವು.

ಹೋದ ಚಳಿಗಾಲದಲ್ಲಿ ಖಾಲಾ ಅವರು ತೀರಿಕೊಂಡರು. ಕೊನೆಯ ಕೆಲವು ತಿಂಗಳು ಸೊಸೆ ಜೊತೆಯಲ್ಲಿದ್ದರು. ಮನೆ ಖಾಲಿ ಮಾಡುವ ದಿನ ಅವರು ಈ ಡಬ್ಬಿಯನ್ನು ನನಗೆ ಕೊಟ್ಟು, ಒಂದು ಕನ್ನಡಕವನ್ನೂ ತೋರಿಸಿದರು. ಹತ್ತಿರದ್ದು ಕಾಣಲೆಂದು ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಕೊಟ್ಟ ಕನ್ನಡಕವಂತೆ. ನಾನು ಅದನ್ನು ಎಂದೂ ಕಂಡಿರಲಿಲ್ಲ. ಅದು ಕೌದಿಯ ಗಂಟಿನ ಕೆಳಗೆ, ನನ್ನ ಚಪ್ಪಲಿಯ ಪಕ್ಕದಲ್ಲಿಯೇ ಇರುತ್ತಿತ್ತಂತೆ.

"ದಿನಾ ಎಷ್ಟೋ ಸಲ ತಾವ ಪೋಣಿಸ್ಕೊಂತಿದ್ರು ಅಕ್ಕಾ. ಸಂಜೀಕ ಹತ್ತೂ ಸೂಜಿ ದಾರ ಕಿತ್ತಿ ಬರೀ ಮಾಡಿ ಇಡ್ತಿದ್ರು. ಯಾಕ್ರಿ ಅಂದ್ರ, ಮುಂಜಾನಿ ಹುಡುಗಿ ಬರ್ತಾಳ, ಆಕಿ ಕೂಡಾಕ ಏನರ ಬೇಕಲ್ಲಾ ಅಂತಿದ್ರು."

ಕೊನೆಯ ದಿನದ ಸೂಜಿಗಳನ್ನು ಬರಿದು ಮಾಡಲು ಅವರಿಗೆ ಆಗಿರಲಿಲ್ಲ. ನಾನು ಡಬ್ಬಿಯನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟೆ. ತೆರೆಯುವ ಧೈರ್ಯವಾಗಲಿಲ್ಲ...

ಅವರು ಹೋದ ನಂತರ ನನ್ನ ವ್ಯವಸ್ಥೆ ಎರಡೇ ತಿಂಗಳಲ್ಲಿ ಕುಸಿಯಿತು. ಕಚೇರಿಯ ಒತ್ತಾಯದ ಮೇರೆಗೆ ಒಬ್ಬ ಮನೋವೈದ್ಯರನ್ನು ಕಾಣಲು ಹೋದೆ. ಮೊದಲನೆಯ ಭೇಟಿಯ ದಿನವನ್ನು ಮರೆತೆ; ಅವರು ಅದನ್ನೂ ಲಕ್ಷಣಗಳ ಪಟ್ಟಿಯಲ್ಲಿ ಬರೆದುಕೊಂಡರು. ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ಸ್ಥಿತಿ, ಸೋಮಾರಿತನವಲ್ಲ, ಹುಟ್ಟಿನಿಂದಲೇ ಮಿದುಳು ಹೀಗೆ ಎಂದು ವಿವರಿಸಿ, ಇಷ್ಟು ವರ್ಷ ಚಿಕಿತ್ಸೆಯಿಲ್ಲದೆ ನೌಕರಿಯನ್ನು ಹೇಗೆ ನಿಭಾಯಿಸಿದಿರಿ ಎಂದು ಕೇಳಿದರು. ನಾನು ಚಪ್ಪಲಿಯ ವಿಷಯವನ್ನು ತಿಳಿಸಿದೆ. ಅವರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ನಕ್ಕು, ಆ ಮೇಲೆ, ತಾವು ಕೊಡುವ ಮಾತ್ರೆ ಖಾಲಾ ಅವರಷ್ಟು ಕೆಲಸ ಮಾಡಲಾರದು ಎಂದರು.

ಸೋಮವಾರ ನೆಲದ ಮೇಲೆ ಕುಳಿತ ನಾನು, ಹತ್ತೂ ಸೂಜಿಗಳ ದಾರವನ್ನು ಕಿತ್ತು ಬರಿದು ಮಾಡಿ, ಒಂದೊಂದಾಗಿ ಪೋಣಿಸಲಾರಂಭಿಸಿದೆ. ಮೊದಲನೆಯದಕ್ಕೆ ಗ್ಯಾಸು. ಎರಡನೆಯದಕ್ಕೆ ಮಾತ್ರೆ. ಮೂರನೆಯದಕ್ಕೆ ಬುತ್ತಿ. ನಾಲ್ಕನೆಯ ಸೂಜಿಯಲ್ಲಿ ದಾರ ನುಗ್ಗಿದ ಕ್ಷಣ, ಕೀಲಿಕೈಯನ್ನು ಹಿಂದಿನ ದಿನ ಮೊಸರಿನ ಜೊತೆ ಫ್ರಿಜ್ಜಿನಲ್ಲಿ ಇಟ್ಟದ್ದು ನೆನಪಾಯಿತು. ಹೋಗಿ ನೋಡಿದೆ. ತಣ್ಣಗೆ ಅಲ್ಲಿಯೇ ಇತ್ತು. ಮರಳಿ ಬಂದು ಉಳಿದ ಆರನ್ನೂ ಪೋಣಿಸಿದೆ. ಹತ್ತನೆಯದು ಮುಗಿದ ಮೇಲೆ, ಅಭ್ಯಾಸದಂತೆ ತಲೆಯೆತ್ತಿ ಪಕ್ಕದ ಮನೆಯ ಕಡೆಗೆ ನೋಡಿದೆ. ಹೊಸ ಬಾಡಿಗೆಯವರ ಕುಕ್ಕರು ಕೂಗುತ್ತಿತ್ತು.

ಕೀಲಿಕೈ, ಬುತ್ತಿ, ಮೊಬೈಲು ಎಲ್ಲವನ್ನೂ ತೆಗೆದುಕೊಂಡು, ಗ್ಯಾಸು ಆರಿಸಿದ್ದನ್ನು ಎರಡು ಬಾರಿ ಪರಿಶೀಲಿಸಿ, ಸಕಾಲದಲ್ಲಿ ಹೊರಬಂದೆ. ಹೊಸ್ತಿಲ ಬಳಿ ಎರಡೂ ಚಪ್ಪಲಿಗಳು ಇದ್ದ ಜಾಗದಲ್ಲಿಯೇ ಇದ್ದವು.