ಊಲ್ಕಾನಕ್ಕ ಸೋಸಿ ತೆಗೆದ ಸದ್ದು

ಬೆಟ್ಟದೂರು ನಾರಿನ್‌ನ ಹವಾಮಾನ ಕಚೇರಿಯಲ್ಲಿ ಊಲ್ಕಾನಕ್ಕನ ಬಾಯಿಗೆ ಹೆದರದವರಿರಲಿಲ್ಲ. ಹಿಮನದಿಯ ಕೇಂದ್ರಗಳಿಂದ ರೇಡಿಯೋದಲ್ಲಿ, ಟಿಕ್ ಟಿಕ್ ಎನ್ನುವ ಮೋರ್ಸ್ ಸಂಕೇತದಲ್ಲಿ ಬರುವ ವರದಿ ಬರೆದುಕೊಳ್ಳುವುದು ನಮ್ಮಿಬ್ಬರ ಕೆಲಸ. ತೀರ ಮೇಲಿನ ಕೇಂದ್ರದಲ್ಲಿ ಅವಳ ಗಂಡ ಜಪಾರ್ ಮತ್ತು ಮುದುಕ ಕೆರಿಂಬಾಯ್ ಇದ್ದರು. ಗಂಡಹೆಂಡಿರ ಜಗಳವೂ ಮೋರ್ಸ್‌ನಲ್ಲೇ. ಉಣ್ಣೆಯ ಕಾಲುಚೀಲ ಮನೆಯಲ್ಲೇ ಬಿಟ್ಟುಹೋದದ್ದಕ್ಕೆ ಅವಳು ಬೈದರೆ, ಅವನು ಅದೇ ಲಯದಲ್ಲಿ ತಿರುಗಿ ಬೈಯುತ್ತಿದ್ದ.

ಆ ವಸಂತದಲ್ಲಿ ಮೇಲೆ ಹಿಮ ಜರಿಯಿತು. ರೇಡಿಯೋದಲ್ಲಿ ಬರೀ ಗೊರಗೊರ. ಹೆಲಿಕಾಪ್ಟರಿನವನು ಬಂದು ನಿಂತ. "ಬೆಟ್ಟದ ತುಂಬ ಜರಿದಿದೆ. ಎಲ್ಲಿದ್ದಾರೆ ಅಂತ ಹೇಳಿ, ಹೋಗ್ತೀನಿ. ಸುಮ್ನೆ ಹುಡುಕ್ತಾ ಕೂತ್ರೆ ಇಂಧನ ಸಾಲಲ್ಲ."

ರಾಜಧಾನಿ ಫ್ರುಂಜೆಯಿಂದ ಬಂದಿದ್ದ, ಸದ್ದು ಸೋಸುವ ಫಿಲ್ಟರ್ ಪೆಟ್ಟಿಗೆಯನ್ನು ಯಾರೂ ಇನ್ನೂ ಬಿಚ್ಚಿರಲಿಲ್ಲ. ಅಕ್ಕ ಅದನ್ನು ಎಳೆದುಕೊಂಡು, ರೇಡಿಯೋದ ತಂತಿಯನ್ನು ಅದಕ್ಕೆ ಸಿಕ್ಕಿಸಿ, ನಮ್ಮಿಬ್ಬರ ಹೆಡ್‌ಫೋನನ್ನೂ ಅದಕ್ಕೆ ಜೋಡಿಸಿದಳು. ಒಂದು ತಿರುಗುಬಿರಡೆ ಯಾವ ಸ್ವರ ಬೇಕೋ ಅದನ್ನು ಹಿಡಿಯುತ್ತದೆ. ಇನ್ನೊಂದು ಅದರ ಅಕ್ಕಪಕ್ಕದ ಸದ್ದನ್ನು ಎಷ್ಟು ಒಳಬಿಡಬೇಕೆಂದು ನೋಡಿಕೊಳ್ಳುತ್ತದೆ. ಅಕ್ಕ ಗಂಡನ ಮಾಮೂಲಿ ಸ್ವರಕ್ಕೆ ಮೊದಲನೆಯದನ್ನು ತಿರುಗಿಸಿ, ಎರಡನೆಯದನ್ನು ಪೂರ್ತಿ ಕಿರಿದು ಮಾಡಿಬಿಟ್ಟಳು. ಪೆಟ್ಟಿಗೆಯೇ ಗಂಟೆಯ ಹಾಗೆ ಗುಂಯ್‌ಗುಟ್ಟಿತು, ಅಷ್ಟೇ.

"ಅಕ್ಕಾ, ಮೊದಲು ಅಗಲ ಇಡು. ಸಿಕ್ಕಮೇಲೆ ಕಿರಿದು ಮಾಡು" ಎಂದೆ.

"ನನ್ನ ಗಂಡನ ಸ್ವರ ನಂಗೊತ್ತಿಲ್ವೇನೇ?"

"ಅಲ್ಲಿ ಬ್ಯಾಟರಿ ಸಾಯ್ತಿದ್ರೆ ಸ್ವರ ಕೆಳಗಿಳಿಯಲ್ವಾ?"

ಬೈದುಕೊಳ್ಳುತ್ತಲೇ ಅಗಲ ಮಾಡಿದಳು. ಮಾಮೂಲಿ ಸ್ವರಕ್ಕಿಂತ ಎಷ್ಟೋ ಕೆಳಗೆ, ತೀರ ಸಣ್ಣಗೆ, ಟಿಕ್ ಟಿಕ್. ಮೆಲ್ಲಗೆ ಕಿರಿದು ಮಾಡುತ್ತ ಬಂದಂತೆ ಗೊರಗೊರ ಹಿಂದೆ ಸರಿಯಿತು. ಅಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮೋರ್ಸ್ ಕೀ ಒತ್ತುವ ಕೈ ಪ್ರತಿಯೊಬ್ಬರದೂ ಬೇರೆ. ಇದು ಜಪಾರನ ಕೈಯಲ್ಲ, ಎಳೆದೆಳೆದು ಒತ್ತುವ ಕೆರಿಂಬಾಯಿಯದು.

'ಅಲ್ಲಿ ಹಿರಿಯರು ಇದ್ದಾರಾ? ಹಿರಿಯರನ್ನ ಕರೀರಿ.'

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹೆಂಡತಿಗೆ ನೇರವಾಗಿ ಹೇಳುವುದಿಲ್ಲ. ಹಿರಿಯರು ಬಂದು ಕೂತು, ಸುತ್ತಿ ಬಳಸಿ ಹೇಳಬೇಕು. 'ಎಲ್ಲಿದ್ದೀರಿ' ಎಂದು ಅಕ್ಕ ಕೇಳಿದಳು. ಮುದುಕ ಮತ್ತೆ ಹಿರಿಯರನ್ನೇ ಕೇಳಿದ. ಸ್ವರ ಇನ್ನೂ ಕೆಳಗಿಳಿಯಿತು. ಅವಳು ಬಿರಡೆ ತಿರುಗಿಸುತ್ತ ಅದರ ಬೆನ್ನು ಹತ್ತಿದಳು. ಸಂಪ್ರದಾಯಕ್ಕೆ ಬೆಂಕಿ ಬೀಳಲಿ ಎನಿಸಿತು ನನಗೆ. ಇರುವ ಉಸಿರನ್ನೆಲ್ಲ ಈ ಮುದುಕ ಮರ್ಯಾದೆಗೇ ಸುರಿಯುತ್ತಿದ್ದಾನಲ್ಲ!

ಅಕ್ಕ ಕೀ ಮೇಲೆ ಕೈಯಿಟ್ಟಳು. ಬಾಯಲ್ಲೂ ಹೇಳುತ್ತ ಒತ್ತಿದಳು.

"ಜಪಾರ್ ಹೋದ. ನಂಗೆ ಗೊತ್ತಾಯ್ತು. ಇನ್ನು ನೀವು ಅದನ್ನ ಹೇಳೋದು ಬೇಡ ಅಜ್ಜಾ. ಎಲ್ಲಿದ್ದೀರಿ, ಅದನ್ನ ಹೇಳಿ."

ಬಿರಡೆಯನ್ನು ಇನ್ನಷ್ಟು ಕೆಳಕ್ಕೆ ತಿರುಗಿಸಿದಳು. ಆಮೇಲೆ, 'ಹಳೇ ಕುರಿದೊಡ್ಡಿ. ಕಾಲು ಮುರಿದಿದೆ. ಕ್ಷಮಿಸು ಮಗಳೇ.' ಕೊನೆಯ ಅಕ್ಷರ ಅರ್ಧಕ್ಕೇ ಕರಗಿಹೋಯಿತು.

ಹೆಲಿಕಾಪ್ಟರ್ ಹೋಯಿತು, ಕೆರಿಂಬಾಯಿಯನ್ನು ಜೀವಂತ ತಂದಿತು. ಜಪಾರನನ್ನೂ ತಂದಿತು.

ಸಂಜೆಗೆ ಬಿಳಿ ಟೋಪಿಯ ಹಿರಿಯರು ಅಕ್ಕನ ಮನೆಗೆ ಬಂದು ಸಾಲಾಗಿ ಕೂತರು. ಅವಳಿಗೆ ಎಲ್ಲ ಗೊತ್ತೆಂದು ಅವರಿಗೂ ಗೊತ್ತು. ಆದರೂ ಎಲ್ಲರಿಗಿಂತ ಹಿರಿಯನು ಕೆಮ್ಮಿ ಶುರುಮಾಡಿದ. "ಬೆಟ್ಟದ ಮೇಲಿದ್ದ ಗಿಡುಗ ಹಾರಿಹೋಯ್ತಂತೆ, ಮಗಳೇ."

ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಏನೂ ತಿಳಿಯದವಳಂತೆ ಮುದುಕನ ಮುಖ ನೋಡಿದಳು.

"ಯಾವ ಗಿಡುಗ, ಅಜ್ಜಾ?"